ಭದ್ರಮ್ಮನ ಡೈನೋಸಾರ್

ಪ್ರಪಂಚದಲ್ಲಿ ಡೈನೋಸಾರನ್ನು ಕಂಡುಹಿಡಿದವರು ಅನೇಕರಿದ್ದಾರೆ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಒಬ್ಬ ಡಾಕ್ಟರು ಕಲ್ಲಿನೊಳಗೆ ಸಿಕ್ಕ ನಾಲ್ಕಾರು ಹಲ್ಲು ಹಿಡಿದುಕೊಂಡು, ಇದು ಭಾರೀ ಗಾತ್ರದ ಪ್ರಾಣಿಯದೇ ಇರಬೇಕು ಎಂದು ಇಡೀ ಪ್ರಾಣಿಯನ್ನೇ ಎಬ್ಬಿಸಿ ನಿಲ್ಲಿಸಿದರಂತೆ. ಹೆಬ್ಬೆರಳಿನ ಮೂಳೆಯೊಂದು ಮಿಕ್ಕಿತು. ಎಲ್ಲಿಡುವುದು ತಿಳಿಯದೆ ಅದನ್ನು ಮೂಗಿನ ಮೇಲೆ ಕೊಂಬು ಮಾಡಿ ಕೂರಿಸಿದರಂತೆ. ನಮ್ಮ ದೇಶದಲ್ಲೂ ಜಬಲ್ಪುರದ ಹತ್ತಿರ ಬ್ರಿಟಿಷ್ ಅಧಿಕಾರಿಯೊಬ್ಬರಿಗೆ ಸುಮಾರು ಅದೇ ಕಾಲಕ್ಕೆ ಮೂಳೆ ಸಿಕ್ಕಿದ್ದವು. ಎಲ್ಲರೂ ದೊಡ್ಡವರೇ, ನನಗೆ ಗೌರವವಿದೆ. ಆದರೆ ಇವರಿಗೆಲ್ಲ ಕೊನೇಪಕ್ಷ ಒಂದು ಹಲ್ಲೋ ಒಂದು ಮೂಳೆಯೋ ಸಿಕ್ಕಿತ್ತು ಎಂಬುದನ್ನು ಮರೆಯಬಾರದು. ಹಲ್ಲೂ ಇಲ್ಲದೆ ಮೂಳೆಯೂ ಇಲ್ಲದೆ, ಬರೀ ಬಲಗೈ ತೋರುಬೆರಳಿನಿಂದ, ಅದೂ ಜೀವಂತ ಡೈನೋಸಾರನ್ನು ಕಂಡುಹಿಡಿದವರು ನನಗೆ ತಿಳಿದಂತೆ ಒಬ್ಬರೇ. ಅವರು ತುಮಕೂರಿನ ಬಟವಾಡಿಯಲ್ಲಿ ನಮ್ಮ ಪಕ್ಕದ ಮನೆಯ ಲಕ್ಷ್ಮೀನರಸಿಂಹಯ್ಯನವರು. ಸ್ಥಳ, ಗುಬ್ಬಿ ತಾಲೂಕಿನ ಕಡಬ. ವಾರ ಗುರುವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು.

ಲಕ್ಷ್ಮೀನರಸಿಂಹಯ್ಯನವರಿಗೆ ಐವತ್ತೇಳು ವರ್ಷ. ದನಕರುಗಳ ಲೆಕ್ಕ ಇಡುವ ಒಂದು ಇಲಾಖೆಯಲ್ಲಿ ಮೂವತ್ತು ವರ್ಷದಿಂದ ಇದ್ದಾರೆ. ದಿನಾ ಬಟವಾಡಿಯಿಂದ ಗುಬ್ಬಿ ಕಚೇರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಈ ಸಲದ ಜಾನುವಾರು ಗಣತಿಯನ್ನು ಪುಸ್ತಕದಲ್ಲಿ ಬರೆಯದೆ ಟ್ಯಾಬಿನಲ್ಲಿ ತುಂಬಬೇಕು ಎಂದು ಆದೇಶ ಬಂತು. ಅದಕ್ಕೆ ತುಮಕೂರಿನಲ್ಲಿ ಒಂದು ದಿನದ ತರಬೇತಿ. ಇವರು ಮುಂದಿನ ಸಾಲಿನಲ್ಲಿ ಕೂತರು, ಊಟವಾದ ಮೇಲೂ ನಿದ್ದೆ ಮಾಡಲಿಲ್ಲ. ಆ ಒಂದೇ ಅರ್ಹತೆಯ ಮೇಲೆ ಇವರಿಗೆ ‘ಮಾಸ್ಟರ್ ಟ್ರೈನರ್’ ಎಂಬ ಸರ್ಟಿಫಿಕೇಟ್ ಸಿಕ್ಕಿತು. ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ಮನೆದೇವರ ಫೋಟೋ ಪಕ್ಕದಲ್ಲೇ ನೇತುಹಾಕಿದರು. ಅಂದಿನಿಂದ ನಮ್ಮ ಮನೆಗೆ ಬಂದು, ನನ್ನ ಫೋನಿನಲ್ಲಿ ಏನಾದರೂ ಕೆಟ್ಟಿದೆಯೇ ಎಂದು ವಿಚಾರಿಸುವ ಅಭ್ಯಾಸ ಶುರುವಾಯಿತು. ಕೆಟ್ಟಿರುತ್ತಿರಲಿಲ್ಲ. ಅವರು ನೋಡಿ ಹೋದ ಮೇಲೆ ಕೆಟ್ಟಿರುತ್ತಿತ್ತು.

ಆ ಗುರುವಾರ ಅವರ ಜೊತೆ ಮೋನಿಕಾ ಎಂಬ ಹುಡುಗಿ ಇದ್ದಳು. ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು, ಕೆಲಸ ಕಲಿಸುವ ಹೊಣೆ ಇವರದು. ಇಬ್ಬರೂ ಕಡಬದ ಕೆರೆ ಏರಿಯ ಹಿಂದಿರುವ ಭದ್ರಮ್ಮನ ಮನೆಗೆ ಬಂದರು. ಭದ್ರಮ್ಮ ಎಪ್ಪತ್ತರ ಹತ್ತಿರದ ಹೆಂಗಸು. ಹತ್ತು ತೆಂಗಿನ ಮರ, ಒಂದು ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಪುಟ್ಟಗೌರಿ ಎಂಬ ಕಪ್ಪುಬಿಳುಪಿನ ಸೀಮೆಹಸು. ಹಸುವಿನ ಕಿವಿಯಲ್ಲಿ ಇಲಾಖೆಯವರು ಹೊಡೆದ ಹಳದಿ ಓಲೆ, ಅದರ ಮೇಲೆ ಹನ್ನೆರಡಂಕಿಯ ನಂಬರು.

“ಸಾರ್, ಇದ್ರಲ್ಲಿ ತಪ್ಪು ಎಂಟ್ರಿ ಆದ್ರೆ ಏನ್ ಮಾಡೋದು?” ಎಂದು ಮೋನಿಕಾ ಕೇಳಿದಳು.

ಕೇಳಬಾರದ ಪ್ರಶ್ನೆ ಅದು.

“ತಪ್ಪಾಗಕ್ಕೆ ಚಾನ್ಸೇ ಇಲ್ಲಮ್ಮ. ಈ ಆ್ಯಪ್ ಇದ್ಯಲ್ಲ, ಭಾರೀ ಬುದ್ಧಿವಂತ. ಇಲ್ದೇ ಇರೋ ಪ್ರಾಣಿ ಹಾಕಿ ನೋಡು, ಕೆಂಪಕ್ಷರದಲ್ಲಿ ಉಗಿಯುತ್ತೆ. ತೋರಿಸ್ತೀನಿ ಇರು.”

ಹಿಂದಿನ ಭಾನುವಾರ ಅವರು ತುಮಕೂರಿನ ವಸ್ತುಪ್ರದರ್ಶನದಲ್ಲಿ, ಕತ್ತು ತಿರುಗಿಸಿ ಗುರ್ ಎನ್ನುವ ರಬ್ಬರಿನ ಡೈನೋಸಾರ್ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಅದು ಇನ್ನೂ ಮನಸ್ಸಿನಲ್ಲಿತ್ತು. ‘ಇತರೆ’ ಎಂಬ ಖಾನೆ ತೆರೆದು ‘ಡೈನೋಸಾರ್’ ಎಂದು ತುಂಬಿದರು. ಸಂಖ್ಯೆ, ಒಂದು. ಲಿಂಗ, ಹೆಣ್ಣು. ಹಾಲು ಕೊಡುತ್ತದೆಯೇ ಎಂಬುದಕ್ಕೆ ಮೂವತ್ತು ವರ್ಷದ ಅಭ್ಯಾಸಬಲದಿಂದ ‘ಹೌದು’. ಓಲೆ ನಂಬರು ಹಾಕದಿದ್ದರೆ ಆ್ಯಪ್ ಮುಂದಕ್ಕೇ ಹೋಗಲಿಲ್ಲ. ಕೈಗೆಟುಕುವಷ್ಟು ಹತ್ತಿರದಲ್ಲಿದ್ದ ಕಿವಿ ಪುಟ್ಟಗೌರಿಯದು. ಆ ನಂಬರನ್ನೇ ಓದಿ ಹಾಕಿದರು.

“ಸಾರ್, ಒತ್ಬೇಡಿ ಸಾರ್.”

“ಒತ್ತಿದ್ರೆ ತಾನೇ ಉಗಿಯೋದು?”

ಒತ್ತಿದರು. ಅದು ಉಗಿಯಲಿಲ್ಲ. ಕೆರೆ ಏರಿಯ ಆ ಮೂಲೆಯಲ್ಲಿ ಫೋನ್ ಬಂದರೆ ಜನ ತೆಂಗಿನ ಮರದ ಕಡೆಗೆ ಓಡುತ್ತಾರೆ, ಸಿಗ್ನಲ್ಲಿನ ಪರಿಸ್ಥಿತಿ ಹಾಗಿದೆ. ಅಂಥ ಜಾಗದಲ್ಲಿ, ಅಂಥ ಗಳಿಗೆಯಲ್ಲಿ, ಎಲ್ಲಿತ್ತೋ ಏನೋ, ನಾಲ್ಕು ಕಡ್ಡಿ ಸಿಗ್ನಲ್ ಬಂದು ನಿಂತಿತು. ಹಸಿರು ಬಣ್ಣದಲ್ಲಿ ಅಕ್ಷರ ಮೂಡಿತು: ‘ಧನ್ಯವಾದ. ನಿಮ್ಮ ಮಾಹಿತಿ ರಾಜ್ಯಮಟ್ಟಕ್ಕೆ ತಲುಪಿದೆ.’ ಅದರ ಕೆಳಗೆ ಭದ್ರಮ್ಮನ ಮನೆಯ ಲೆಕ್ಕ: ಹಸು, ಸೊನ್ನೆ. ಡೈನೋಸಾರ್, ಒಂದು.

“ಆಯ್ತೇನಪ್ಪ ಬರ್ಕೊಂಡಿದ್ದು?” ಎಂದು ಭದ್ರಮ್ಮ ಎರಡು ಲೋಟ ಮಜ್ಜಿಗೆ ತಂದುಕೊಟ್ಟಳು.

“ಆಯ್ತು ಕಣಮ್ಮಯ್ಯ,” ಎಂದರು ಲಕ್ಷ್ಮೀನರಸಿಂಹಯ್ಯ. ಕುಡಿಯುತ್ತಿರುವುದು ಯಾರ ಹಾಲಿನ ಮಜ್ಜಿಗೆ ಎಂದು ಮೋನಿಕಾ ಕೇಳಲಿಲ್ಲ. ಒಳ್ಳೆಯ ಮನೆತನದ ಹುಡುಗಿ.

ಅಳಿಸಬಹುದಲ್ಲ ಎಂದು ನೀವು ಕೇಳಬಹುದು. ಅವರೂ ಹಾಗೇ ಅಂದುಕೊಂಡು ಬಸ್ಸಿನಲ್ಲಿ ದಾರಿಯುದ್ದಕ್ಕೂ ಒತ್ತಿದರು. ಒಂದು ಪ್ರಾಣಿಯನ್ನು ಲೆಕ್ಕದಿಂದ ತೆಗೆಯಬೇಕಾದರೆ ಆ್ಯಪ್ ಕಾರಣ ಕೇಳುತ್ತದೆ. ಕಾರಣಗಳು ಮೂರೇ: ಮಾರಾಟ, ವರ್ಗಾವಣೆ, ಸಾವು. ‘ತಪ್ಪಾಯಿತು’ ಎಂಬ ಕಾರಣವನ್ನು ಇಲಾಖೆ ಊಹಿಸಿಯೇ ಇರಲಿಲ್ಲ. ಕೊನೆಗೆ ಗುಬ್ಬಿ ಕಚೇರಿಯಲ್ಲಿ ತಮ್ಮ ಮೇಲಧಿಕಾರಿ ಶಿವರಾಮಯ್ಯನವರ ಮುಂದೆ ಹೋಗಿ ನಿಂತು ಎಲ್ಲವನ್ನೂ ಒಪ್ಪಿಕೊಂಡರು.

ಶಿವರಾಮಯ್ಯನವರಿಗೆ ಒಂದು ಹಳೆಯ ನೋವಿತ್ತು. ತಿಂಗಳಿಗೊಮ್ಮೆ ತುಮಕೂರಿನಲ್ಲಿ ಜಿಲ್ಲಾ ಸಾಹೇಬರ ಮುಂದೆ ಮೀಟಿಂಗು. ಕುಣಿಗಲ್ ತಾಲೂಕಿನ ಅಧಿಕಾರಿ ಕೃಷ್ಣಕುಮಾರ್ ಎದ್ದು ನಿಂತು, “ನಮ್ಮಲ್ಲಿ ಕುದುರೆಗಳಿವೆ ಸಾರ್,” ಎಂದು ಆರಂಭಿಸಿದರೆ ಮುಗಿಯಿತು, ಕಾಫಿ ಬರುವವರೆಗೂ ಕುದುರೆ. ಆಮೇಲೆ ಸಾಹೇಬರು ತಿರುಗಿ, “ಗುಬ್ಬೀದು ಏನ್ರೀ ವಿಶೇಷ?” ಎಂದು ಕೇಳುತ್ತಿದ್ದರು. ಶಿವರಾಮಯ್ಯನವರು ಒಮ್ಮೆ ತಡೆಯಲಾರದೆ “ತೆಂಗಿನಕಾಯಿ ಸಾರ್” ಎಂದುಬಿಟ್ಟಿದ್ದರು. ಕೃಷ್ಣಕುಮಾರ್ ನಕ್ಕ ನಗು ಅವರ ಕಿವಿಯಲ್ಲಿ ಇನ್ನೂ ಇತ್ತು.

ಲಕ್ಷ್ಮೀನರಸಿಂಹಯ್ಯ ಹೇಳಿದ್ದನ್ನು ಕೇಳಿ ಶಿವರಾಮಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕುಣಿಗಲ್‌ನಲ್ಲಿ ಇದ್ಯೇನ್ರೀ ಡೈನೋಸಾರು?”

“ಇಲ್ಲ ಸಾರ್.”

“ತಿಪಟೂರು? ಸಿರಾ?”

“ಇಡೀ ಪ್ರಪಂಚದಲ್ಲೇ ಇಲ್ಲ ಸಾರ್.”

“ಹಂಗಿದ್ಮೇಲೆ ಯಾಕ್ರೀ ತೆಗೀತೀರ? ಬುದ್ಧಿ ಇದ್ಯಾ ನಿಮ್ಗೆ?”

ಮುಂದಿನ ಮೀಟಿಂಗಿನಲ್ಲಿ ಸಾಹೇಬರು ಎಂದಿನಂತೆ ಗುಬ್ಬಿಯ ವಿಶೇಷ ಕೇಳಿದರು. ಶಿವರಾಮಯ್ಯನವರು ನಿಧಾನವಾಗಿ ಎದ್ದು, ಶಲ್ಯ ಸರಿಮಾಡಿಕೊಂಡು, “ಡೈನೋಸಾರ್, ಒಂದು, ಹೆಣ್ಣು. ಹಾಲು ಕೊಡ್ತಾ ಇದೆ ಸಾರ್,” ಎಂದರು. ಕೃಷ್ಣಕುಮಾರ್ ಬಾಯಿಯಲ್ಲಿದ್ದ ಬಿಸ್ಕತ್ತು ಬಾಯಲ್ಲೇ ಉಳಿಯಿತು. ಸಾಹೇಬರಿಗೆ ಅಂದು ಇನ್ನೂ ಎಂಟು ತಾಲೂಕಿನ ವರದಿ ಕೇಳುವುದಿತ್ತು. ತಲೆಯೆತ್ತದೆ ಒಂದೇ ಪ್ರಶ್ನೆ ಹಾಕಿದರು: “ಕಾಲುಬಾಯಿ ಜ್ವರದ ಲಸಿಕೆ ಆಗಿದ್ಯಾ?”

“ಆಗಿದೆ ಸಾರ್.”

ಅದು ನಿಜವೇ. ಪುಟ್ಟಗೌರಿಗೆ ಲಸಿಕೆ ಆಗಿತ್ತು. ಲಸಿಕೆ ಆಗಿರುವ ಪ್ರಾಣಿಯ ಬಗ್ಗೆ ಇಲಾಖೆಗೆ ಅನುಮಾನ ಬರುವುದಿಲ್ಲ. ಆಮೇಲೆ ಮೇಲಿನಿಂದ ಪತ್ರಗಳು ಬರತೊಡಗಿದವು. ಸದರಿ ಡೈನೋಸಾರ್ ದೇಶಿಯೋ ಮಿಶ್ರತಳಿಯೋ? ಲಕ್ಷ್ಮೀನರಸಿಂಹಯ್ಯನವರಿಗೆ ಸುಳ್ಳು ಬರೆಯುವ ಧೈರ್ಯವಿಲ್ಲ, ಪುಟ್ಟಗೌರಿಯನ್ನು ನೆನೆದು ‘ಮಿಶ್ರತಳಿ’ ಎಂದು ಬರೆದರು. ಮೇವು? ಹುಲ್ಲು, ಬೂಸಾ, ಹಿಂಡಿ. ಸ್ವಭಾವ? ಸಾಧು, ಆದರೆ ಎಡಗಡೆಯಿಂದ ಹೋದರೆ ಒದೆಯುತ್ತದೆ. ಹೀಗೆ ಒಂದೊಂದೇ ಸತ್ಯವನ್ನು ಸೇರಿಸುತ್ತಾ ಸೇರಿಸುತ್ತಾ, ಇಂಗ್ಲೆಂಡಿನ ಆ ಡಾಕ್ಟರು ಎಬ್ಬಿಸಿ ನಿಲ್ಲಿಸಿದ್ದಕ್ಕಿಂತ ಗಟ್ಟಿಯಾದ ಒಂದು ಡೈನೋಸಾರ್ ಗುಬ್ಬಿ ಕಚೇರಿಯ ಕಡತದಲ್ಲಿ ಎದ್ದು ನಿಂತಿತು.

ಅದರ ಬಿಸಿ ಮೊದಲು ತಟ್ಟಿದ್ದು ಭದ್ರಮ್ಮನಿಗೆ. ಅವಳು ಮೂವತ್ತು ವರ್ಷದಿಂದ ಊರಿನ ಡೈರಿಗೆ ಹಾಲು ಹಾಕುವವಳು. ಬೆಳಿಗ್ಗೆ ಆರಕ್ಕೆ ಸಾಲಿನಲ್ಲಿ ಮೊದಲ ಕ್ಯಾನು ಅವಳದೇ. ಒಂದು ಬೆಳಿಗ್ಗೆ ಕಾರ್ಯದರ್ಶಿ ಚನ್ನೇಶ್ ಅವಳ ಹೆಸರು ಒತ್ತಿದ, ಮಿಷನ್ನು ಕೂಗಿಕೊಂಡಿತು.

“ಭದ್ರಕ್ಕ, ನಿನ್ ಹೆಸರಲ್ಲಿ ಹಸನೇ ಇಲ್ವಲ್ಲಕ್ಕ. ಡೈನೋಸಾರ್ ಅಂತ ತೋರಿಸ್ತಾ ಅದೆ.”

“ಅದ್ಯಾವಳ್ಲಾ ಅದು?”

“ಹಳೇ ಕಾಲದ ಪ್ರಾಣಿ ಕಣಕ್ಕ. ಮನೆಗಿಂತ ದೊಡ್ಡದು. ನಂತಾವ ಹಸು, ಎಮ್ಮೆ ಎರಡೇ ಬಟನ್ ಇರೋದು. ಇದನ್ನ ಯಾವುದಕ್ಕೆ ಹಾಕ್ಲಿ? ನಾಳೆ ಆಡಿಟ್‌ನೋರು ಬಂದ್ರೆ ನಾನ್ ಏನ್ ಹೇಳ್ಲಿ?”

“ಲೇ ಚನ್ನೇಶ, ನಮ್ಮನೆ ಹಸೀನ ಹಾಲು ಕುಡ್ಕೊಂಡೇ ಕಣ್ಲಾ ನೀನು ಮೀಸೆ ಬಂದೋನು.”

“ನಂಗೊತ್ತಿಲ್ವಾ ಅಕ್ಕ. ಮಿಷನ್‌ಗೆ ಗೊತ್ತಿಲ್ಲ.”

ಅವಳ ಕ್ಯಾನನ್ನು ಪಕ್ಕಕ್ಕಿಟ್ಟರು. ಹಿಂದಿನವರ ಹಾಲು ಅಳೆದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಭದ್ರಮ್ಮ ತುಂಬಿದ ಕ್ಯಾನು ಹೊತ್ತು ಮನೆಗೆ ವಾಪಸು ಬಂದಳು. ಅಂಥ ಅವಮಾನವನ್ನು ನಾನಾದರೂ ತಡೆದುಕೊಳ್ಳುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬಟವಾಡಿಯ ನಮ್ಮ ಬೀದಿಯಲ್ಲಿ ಎಲ್ಲರೂ ಮನೆ ಮುಂದೆ ನೀರು ಹಾಕುತ್ತಲೋ ಪೇಪರ್ ಓದುತ್ತಲೋ ಇದ್ದೆವು. ಆಟೋದಿಂದ ಒಬ್ಬ ಅಜ್ಜಿ ಹಾಲಿನ ಕ್ಯಾನಿನ ಸಮೇತ ಇಳಿದು, ಲಕ್ಷ್ಮೀನರಸಿಂಹಯ್ಯನವರ ಗೇಟು ಹಿಡಿದು ಅಲ್ಲಾಡಿಸಿದಳು.

“ಲಚ್ಚಿನರಸಿಂಹಪ್ಪಾ! ಆಚೆ ಬಾರಪ್ಪಾ! ನನ್ ಹಸಾನ ಯಾಕಪ್ಪ ಡೈನೋಸಾರ್ ಮಾಡ್ದೆ? ನಾನ್ ನಿಂಗೇನ್ ಮಾಡಿದ್ದೆ?”

ಬೀದಿಯ ಹದಿನಾಲ್ಕು ಮನೆಯ ಕಿಟಕಿಗಳು ಒಟ್ಟಿಗೆ ತೆರೆದವು. ಲಕ್ಷ್ಮೀನರಸಿಂಹಯ್ಯನವರು ಬಚ್ಚಲುಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ನೀರು ಬೀಳುವ ಸದ್ದು ಮುಕ್ಕಾಲು ಗಂಟೆ ಕೇಳಿಸಿತು. ಅಷ್ಟರಲ್ಲಿ ನನ್ನ ಹೆಂಡತಿ ಪ್ರೇಮಲತಾ ಪಾತ್ರೆ ಹಿಡಿದು ಗೇಟಿನ ಹತ್ತಿರ ತಲುಪಿಯಾಗಿತ್ತು.

“ಯಾವುದರ ಹಾಲು ಅಂದ್ರಿ ಅಜ್ಜಿ?”

“ಹಸೀನ ಹಾಲು ಕಣವ್ವ. ಹಸೀಂದೇಯ.”

“ಆಯ್ತು ಆಯ್ತು, ಹಸೂದೇ ಇರ್ಲಿ. ಒಂದ್ ಲೀಟರ್ ಹಾಕಿ,” ಎಂದು ಪ್ರೇಮಲತಾ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಒಳಗೆ ಬಂದ ಮೇಲೆ ದನಿ ತಗ್ಗಿಸಿ, “ನಿಜವಾದ ಮಾಲು ಇಟ್ಕೊಂಡಿರೋರು ಯಾರೂ ಬಾಯ್ಬಿಡಲ್ಲ ಕಣ್ರೀ,” ಎಂದಳು. ಆ ಹಾಲಿನಲ್ಲಿ ಕಾಫಿ ಮಾಡಿಕೊಟ್ಟಳು. ನಾನು ವಿಜ್ಞಾನ ಓದಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಅಂದು ಮಹಡಿ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಿದೆ ಎಂಬುದನ್ನು ಹೇಳದೆ ಇರಲಾರೆ. ಪ್ರೇಮಲತಾ ತನ್ನ ಮಂಡಿನೋವು ಸಂಜೆಯ ಹೊತ್ತಿಗೆ ಅರ್ಧ ಇಳಿದಿದೆ ಎಂದು ಮೂರು ಜನಕ್ಕೆ ಫೋನ್ ಮಾಡಿದಳು. ಆ ಮೂವರಿಗೂ ಮಂಡಿಯಿತ್ತು.

ಎರಡೇ ದಿನ. ಮಂಗಳವಾರದ ಹೊತ್ತಿಗೆ ಕಡಬದ ಬಸ್ಸಿನಲ್ಲಿ ಖಾಲಿ ಬಾಟಲಿ ಹಿಡಿದವರೇ ತುಂಬಿದ್ದರು. ಬಟವಾಡಿಯವರು, ಕ್ಯಾತ್ಸಂದ್ರದವರು, ಗುಬ್ಬಿಯ ಅಂಗಡಿ ಸಾಹುಕಾರರು, ಪರೀಕ್ಷೆ ಹತ್ತಿರವಿದ್ದ ಮಕ್ಕಳ ತಾಯಂದಿರು. ಏನು ಸಂಭ್ರಮ, ಏನು ನೂಕುನುಗ್ಗಲು! ಕೊಟ್ಟಿಗೆಯ ಗೋಡೆಯ ಮೇಲೆ ಮಕ್ಕಳು ಸಾಲಾಗಿ ಕೂತು ಜಗಳವಾಡುತ್ತಿದ್ದರು. ಉದ್ದ ಕತ್ತಿನದು ಎಂದು ಒಬ್ಬಳು, ಕತ್ತು ಈಗ ಒಳಗೆ ಎಳೆದುಕೊಂಡಿದೆ ಎಂದು ಇನ್ನೊಬ್ಬ. ಮುಂಗಾಲು ಗಿಡ್ಡ ಇರಬೇಕಿತ್ತಲ್ಲ ಎಂದು ಮತ್ತೊಬ್ಬನಿಗೆ ಬೇಸರ. ಯಾರ ಸ್ಕೂಲ್ ಬ್ಯಾಗಿನ ಮೇಲೆ ಯಾವ ಡೈನೋಸಾರ್ ಚಿತ್ರವಿತ್ತೋ ಅವರು ಅದನ್ನೇ ಹುಡುಕಿದರು. ದೊಡ್ಡವರು ಕಮ್ಮಿಯೇನಿರಲಿಲ್ಲ. ಕ್ಯಾತ್ಸಂದ್ರದ ಯಜಮಾನರೊಬ್ಬರು ಬಹಳ ಹೊತ್ತು ನೋಡಿ, “ಮಕ ಹಸೀನ ತರ ಐತೆ, ಆದ್ರೆ ಆ ಕಣ್ಣು ನೋಡ್ರಿ, ಆ ಕಣ್ಣು ಹಸೀಂದಲ್ಲ,” ಎಂದು ತೀರ್ಪು ಕೊಟ್ಟು ಕೈಮುಗಿದರು. ಜೊತೆಗಿದ್ದವರೂ ಕೈಮುಗಿದರು.

ಹಾಲು ಒಂದು ತೊಟ್ಟೂ ಮಿಗುತ್ತಿರಲಿಲ್ಲ. ಭದ್ರಮ್ಮ ಖುಷಿಯಾಗಿರಬೇಕಿತ್ತು ಎಂದು ನಾವೆಲ್ಲ ಅಂದುಕೊಂಡೆವು. ಲಕ್ಷ್ಮೀನರಸಿಂಹಯ್ಯನವರೂ ಹಾಗೇ ಅಂದುಕೊಂಡು, ಸ್ವಲ್ಪ ಧೈರ್ಯ ತಂದುಕೊಂಡು ಕಡಬಕ್ಕೆ ಹೋದರು. ನಾನೂ ಜೊತೆಗೆ ಹೋಗಿದ್ದೆ, ಕೈಯಲ್ಲಿ ಬಾಟಲಿ ಇತ್ತು. ಅವಳು ಕೊಟ್ಟಿಗೆಯ ಮೂಲೆಯಲ್ಲಿ ಪುಟ್ಟಗೌರಿಯ ಗಂಗೆದೊಗಲು ಸವರುತ್ತಾ ಕೂತಿದ್ದಳು.

“ನೋಡಪ್ಪ, ಮೂರು ದಿನದಿಂದ ಸರ್ಯಾಗಿ ಹುಲ್ಲು ಮುಟ್ಟಿಲ್ಲ. ಮಕ್ಳು ಇದರ ಮಕ ನೋಡಿ ಕಿಟಾರ್ ಅಂತ ಕಿರುಚ್ತವೆ. ಅದಕ್ಕೆ ಏನ್ ಗೊತ್ತಾಯ್ತದೆ, ನಾನೇನೋ ತಪ್ಪು ಮಾಡ್ದೆ ಅಂದ್ಕಂತದೆ. ಹಾಲು ಹೋಗದು ಬರದು ನಂಗೆ ದೊಡ್ಡದಲ್ಲ. ಏಳು ವರ್ಸ ಸಾಕಿವ್ನಿ. ನನ್ ಹಸ ಹಸ ಅಂತ ಒಂದು ಕಾಗದ ಬರ್ಕೊಡು. ಅಷ್ಟು ಮಾಡು, ಸಾಕು.”

ಲಕ್ಷ್ಮೀನರಸಿಂಹಯ್ಯನವರ ಕಣ್ಣು ಒದ್ದೆಯಾದವು. ಅವರದು ಮೆತ್ತನೆಯ ಮನಸ್ಸು, ಅದನ್ನು ನಾನು ಯಾವತ್ತೂ ಹೇಳುತ್ತೇನೆ. “ಬರ್ಕೊಡ್ತೀನಿ ಅಮ್ಮಯ್ಯ. ಆಣೆ,” ಎಂದು ಅವಳ ಕೈಮೇಲೆ ಕೈಯಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ, “ಬರ್ಕೊಟ್ರೆ ಸಸ್ಪೆಂಡು ಗ್ಯಾರಂಟಿ,” ಎಂದರು.

ಅಷ್ಟರಲ್ಲಿ ಕುಣಿಗಲ್‌ನ ಕೃಷ್ಣಕುಮಾರ್ ಸುಮ್ಮನೆ ಕೂತಿರಲಿಲ್ಲ. ಮೊದಲು, ಗುಬ್ಬಿಯದು ಸುಳ್ಳು ಲೆಕ್ಕ ಎಂದು ಒಂದು ದೂರು ಬರೆದರು. ಬಾಟಲಿ ಹಿಡಿದು ಹೋಗುವ ಜನರನ್ನು ಕಂಡ ಮೇಲೆ ಅಭಿಪ್ರಾಯ ಬದಲಾಯಿತು. ದೊಡ್ಡ ಪ್ರಾಣಿಗಳನ್ನು ನೋಡಿಕೊಳ್ಳುವ ಅನುಭವ ಕುಣಿಗಲ್ ತಾಲೂಕಿಗೆ ಮಾತ್ರ ಇರುವುದರಿಂದ ಸದರಿ ಡೈನೋಸಾರನ್ನು ತಮ್ಮಲ್ಲಿಗೆ ವರ್ಗಾಯಿಸಬೇಕು ಎಂದು ಇನ್ನೊಂದು ಪತ್ರ ಬರೆದರು. ಎರಡೂ ಪತ್ರ ಒಂದೇ ದಿನ ಸಾಹೇಬರ ಮೇಜಿಗೆ ಬಂದವು. ಸಾಹೇಬರು ಖುದ್ದು ಪರಿಶೀಲನೆಗೆ ದಿನ ಗೊತ್ತುಮಾಡಿದರು.

ಆ ದಿನ ಕಡಬದ ಕೆರೆ ಏರಿಯ ಮೇಲೆ ನಿಲ್ಲಲು ಜಾಗವಿರಲಿಲ್ಲ. ಮೆಣಸಿನಕಾಯಿ ಬಜ್ಜಿಯ ಗಾಡಿಗಳು ಎಂಟು. ತೆಂಗಿನ ಮರದ ಮೇಲೆ ಜನ. ತುಮಕೂರಿನ ಕಾಲೇಜಿನಿಂದ ಅನುಪಮಾ ಎಂಬ ಭೂವಿಜ್ಞಾನದ ಮೇಡಂ, ಈ ಹುಚ್ಚಾಟ ನಿಲ್ಲಿಸಿಯೇ ತೀರುತ್ತೇನೆಂದು ಎರಡು ಬಸ್ಸು ವಿದ್ಯಾರ್ಥಿಗಳನ್ನು ಕರೆತಂದಿದ್ದರು. ವಿದ್ಯಾರ್ಥಿಗಳು ಬಂದ ಕೂಡಲೇ ಬಾಟಲಿಯ ಸಾಲಿಗೆ ಸೇರಿಕೊಂಡರು. ಶಿವರಾಮಯ್ಯನವರು ಪುಟ್ಟಗೌರಿಯ ಮೇಲೆ 'ಗುಬ್ಬಿ ತಾಲೂಕಿನ ಹೆಮ್ಮೆ' ಎಂಬ ಬ್ಯಾನರ್ ಹೊದೆಸಿದ್ದರು. ಪುಟ್ಟಗೌರಿ ಅದರ ಒಂದು ಮೂಲೆಯನ್ನು ತಿನ್ನುತ್ತಿತ್ತು.

ಸಾಹೇಬರು ಕುರ್ಚಿಯಲ್ಲಿ ಕೂತು ಕಡತ ಬಿಡಿಸಿದರು. ಓಲೆ ನಂಬರು ಓದಿಸಿದರು, ತಾಳೆಯಾಯಿತು. ಲಸಿಕೆ, ಆಗಿದೆ. ಕಾಲು ನಾಲ್ಕು, ಬಾಲ ಒಂದು. ಪ್ರತಿಯೊಂದಕ್ಕೂ ಸರಿ ಗುರುತು ಹಾಕಿದರು.

ಕೃಷ್ಣಕುಮಾರ್ ಬಗ್ಗಿ, “ಸಾರ್, ನೋಡಕ್ಕೆ ಸ್ವಲ್ಪ ಹಸು ತರ ಇದೆ,” ಎಂದು ಪಿಸುಗುಟ್ಟಿದರು.

“ನೀವು ಯಾವತ್ತಾದ್ರೂ ಡೈನೋಸಾರ್ ನೋಡಿದೀರೇನ್ರೀ?”

“ಇಲ್ಲ ಸಾರ್.”

“ಮತ್ತೆ ಹಸು ತರ ಇರಲ್ಲ ಅಂತ ಹೆಂಗ್ರೀ ಹೇಳ್ತೀರ?”

ಅನುಪಮಾ ಮೇಡಂ ಏನೋ ಹೇಳಲು ಬಾಯಿ ತೆರೆದರು. ಜನ “ಹೋ” ಎಂದು ಕೂಗಿದ್ದರಿಂದ ಕೇಳಿಸಲಿಲ್ಲ.

“ಹಾಗಾದ್ರೆ ಕುಣಿಗಲ್‌ಗೆ ಕೊಟ್ಬಿಡಿ ಸಾರ್, ಗಾಡಿ ತಂದಿದೀನಿ,” ಎಂದು ಕೃಷ್ಣಕುಮಾರ್ ಹಗ್ಗಕ್ಕೆ ಕೈಹಾಕಿದರು. “ಪ್ರಾಣ ಹೋದ್ರೂ ಬಿಡಲ್ಲ,” ಎಂದು ಶಿವರಾಮಯ್ಯ ಅದೇ ಹಗ್ಗದ ಇನ್ನೊಂದು ಕಡೆ ಹಿಡಿದರು. ಒಬ್ಬರು ಉತ್ತರಕ್ಕೆ, ಒಬ್ಬರು ದಕ್ಷಿಣಕ್ಕೆ. ಇಬ್ಬರು ಗೆಜೆಟೆಡ್ ಅಧಿಕಾರಿಗಳು ಚಪ್ಪಲಿ ಬಿಟ್ಟು ಕಾಲೂರಿ ನಿಂತು ಎಳೆಯುತ್ತಿದ್ದರೆ ಗುಬ್ಬಿಯವರು ಒಂದು ಕಡೆ, ಕುಣಿಗಲ್‌ನಿಂದ ಲಾರಿಯಲ್ಲಿ ಬಂದವರು ಇನ್ನೊಂದು ಕಡೆ ನಿಂತು ಸಿಳ್ಳೆ ಹಾಕಿದರು. ಭದ್ರಮ್ಮ ಓಡಿಬಂದು ಪುಟ್ಟಗೌರಿಯ ಕೊರಳನ್ನು ಎರಡೂ ಕೈಯಿಂದ ತಬ್ಬಿಕೊಂಡು, “ನನ್ ಹಸ! ನನ್ ಹಸ ಕೊಡಕಿಲ್ಲ!” ಎಂದು ಅತ್ತಳು. ಸಿಳ್ಳೆಯ ನಡುವೆ ಅವಳ ದನಿಯನ್ನು ಕೇಳಿಸಿಕೊಂಡವರು ಬಹಳ ಮಂದಿ ಇರಲಿಲ್ಲ.

ಸಾಹೇಬರು ಕುಣಿಗಲ್‌ನ ಪತ್ರ ಮೇಲಿದ್ದುದರಿಂದ ಅದನ್ನೇ ಎತ್ತಿಕೊಂಡು, “ವರ್ಗಾವಣೆಗೆ ಗಣತಿದಾರರ ಸಹಿ ಬೇಕು. ಯಾರ್ರೀ ಇದನ್ನ ಕಂಡುಹಿಡಿದಿದ್ದು?” ಎಂದರು.

ಲಕ್ಷ್ಮೀನರಸಿಂಹಯ್ಯನವರನ್ನು ಜನರೇ ಮುಂದಕ್ಕೆ ತಳ್ಳಿದರು. ಕೈಗೆ ಪೆನ್ನು ಕೊಟ್ಟರು. ಅವರು ಕಾಗದ ನೋಡಿದರು, ಭದ್ರಮ್ಮನ ಕಡೆ ನೋಡಿದರು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಅದು ಸಾಹೇಬರ ಪೆನ್ನು.

“ಸಾರ್, ಇದು ಹಸು.”

ಹಗ್ಗ ಎಳೆಯುತ್ತಿದ್ದವರು ನಿಂತರು. ಬಜ್ಜಿಯ ಎಣ್ಣೆ ಚುಂಯ್ ಎನ್ನುವುದು ಕೇಳಿಸಿತು.

“ಏನಂದ್ರಿ?”

“ಹಸು ಸಾರ್! ಸೀಮೆಹಸು. ಹೆಸರು ಪುಟ್ಟಗೌರಿ. ತಪ್ಪು ನಂದು. ಹೊಸ ಹುಡುಗಿ ಮುಂದೆ ದೊಡ್ಡಸ್ತಿಕೆ ತೋರಿಸ್ಕೊಳ್ಳಕ್ಕೆ ಹೋಗಿ ಒತ್ಬಿಟ್ಟೆ. ಸಸ್ಪೆಂಡ್ ಮಾಡಿ, ಮನೇಗ್ ಕಳಿಸಿ, ಏನ್ ಬೇಕಾದ್ರೂ ಮಾಡಿ. ಇದು ಮಾತ್ರ ಹಸು. ನಾನು ಎಲ್ಲಿ ಬೇಕಾದ್ರೂ ಬರ್ಕೊಡ್ತೀನಿ. ಹಸು, ಹಸು, ಹಸು!”

ಮೂವತ್ತು ವರ್ಷದಲ್ಲಿ ಆ ಮನುಷ್ಯ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನಾನು ಚಪ್ಪಾಳೆ ತಟ್ಟಿದೆ. ಒಬ್ಬನೇ ತಟ್ಟಿದ್ದರಿಂದ ನಿಲ್ಲಿಸಿದೆ. ಪಕ್ಕದಲ್ಲಿದ್ದ ಪ್ರೇಮಲತಾ, “ಹಂಗಾದ್ರೆ ನನ್ನ ಮಂಡಿ?” ಎಂದು ಕೋಪದಿಂದ ಕೇಳಿದಳು. ಅದೇ ಪ್ರಶ್ನೆ ಜನರ ನಡುವೆ ಅಲ್ಲಲ್ಲಿ ಎದ್ದಿತು. ಒಂದೆರಡು ಬಾಟಲಿಗಳೂ ಎದ್ದವು.

ಸಾಹೇಬರು ಟ್ಯಾಬ್ ತರಿಸಿ ನೋಡಿದರು. “ರೀ, ಇದ್ರಲ್ಲಿ ತಪ್ಪು ಅಂತ ಆಪ್ಷನ್ನೇ ಇಲ್ವಲ್ರೀ. ಮಾರಾಟ, ವರ್ಗಾವಣೆ, ಸಾವು. ಡೈನೋಸಾರ್ ಹೋಗ್ಬೇಕು ಅಂದ್ರೆ ಸಾಯ್ಲೇಬೇಕು. ಸತ್ತಿದೆ ಅಂತ ಯಾರ್ ಸರ್ಟಿಫಿಕೇಟ್ ಕೊಡ್ತಾರೆ?”

“ನಾನ್ ಕೊಡ್ತೀನಿ!” ಎಂದು ಅನುಪಮಾ ಮೇಡಂ ಜನರನ್ನು ತಳ್ಳಿಕೊಂಡು ಮುಂದೆ ಬಂದರು. ಬೆಳಿಗ್ಗೆಯಿಂದ ಕಾದಿದ್ದರು ಪಾಪ. “ಎಲ್ಲಾ ಸತ್ತಿವೆ ಸಾರ್. ಆರು ಕೋಟಿ ಅರವತ್ತು ಲಕ್ಷ ವರ್ಷದ ಹಿಂದೆ.”

“ಕಾರಣ?”

“ಆಕಾಶದಿಂದ ದೊಡ್ಡ ಬಂಡೆ ಬಿದ್ದು.”

“ಪ್ರಕೃತಿ ವಿಕೋಪ,” ಎಂದು ಸಾಹೇಬರು ನೆಮ್ಮದಿಯಿಂದ ಟ್ಯಾಬಿನಲ್ಲಿ ತುಂಬಿ ತಮ್ಮ ಪೆನ್ನು ವಾಪಸು ಕೇಳಿದರು.

ಲಕ್ಷ್ಮೀನರಸಿಂಹಯ್ಯನವರನ್ನು ಸಸ್ಪೆಂಡ್ ಮಾಡಲಿಲ್ಲ, ಮಾಡಿದರೆ ಕಾರಣ ಬರೆಯಬೇಕಿತ್ತು. ಎಂಟು ದಿನಕ್ಕೆ ಒಂದು ನೋಟೀಸು ಮಾತ್ರ ಬಂತು. ಜಾನುವಾರು ಸತ್ತ ಇಪ್ಪತ್ತನಾಲ್ಕು ಗಂಟೆಯೊಳಗೆ ವರದಿ ಮಾಡಬೇಕೆಂಬ ನಿಯಮವಿದ್ದರೂ ತಾವು ಆರು ಕೋಟಿ ಅರವತ್ತು ಲಕ್ಷ ವರ್ಷ ತಡವಾಗಿ ವರದಿ ಮಾಡಿದ್ದೀರಿ, ಏಕೆ ಕ್ರಮ ಜರುಗಿಸಬಾರದು, ಏಳು ದಿನದಲ್ಲಿ ಸಮಜಾಯಿಷಿ ನೀಡತಕ್ಕದ್ದು. ಅವರು ಅದನ್ನು ಹಿಡಿದು ನಮ್ಮ ಮನೆಗೆ ಬಂದರು. ಇಬ್ಬರೂ ಕೂತು ನಾಲ್ಕು ಸಲ ಬರೆದು ಹರಿದು, ಐದನೆಯ ಸಲ ಒಂದೇ ಸಾಲಿನ ಉತ್ತರ ಸಿದ್ಧಮಾಡಿದೆವು: ‘ಸದರಿ ಸಾವು ಸಂಭವಿಸಿದ ಕಾಲದಲ್ಲಿ ನಾನು ಇನ್ನೂ ಸೇವೆಗೆ ಸೇರಿರಲಿಲ್ಲ.’ ಕಚೇರಿಯವರು ಸೇವಾ ಪುಸ್ತಕ ತೆಗೆಸಿ ತಾಳೆ ನೋಡಿ, ನಿಜವೆಂದು ಕಂಡುಬಂದದ್ದರಿಂದ ವಿಷಯವನ್ನು ಮುಕ್ತಾಯಗೊಳಿಸಿದರು. ಇನ್ನು ಮುಂದೆ ಇಂಥ ವಿಳಂಬ ಆಗಬಾರದು ಎಂಬ ಎಚ್ಚರಿಕೆಯೂ ಇತ್ತು.

ಪುಟ್ಟಗೌರಿಗೆ ಹೊಸ ಓಲೆ ಬಂತು. ಲಕ್ಷ್ಮೀನರಸಿಂಹಯ್ಯನವರು ಉಸಿರು ಬಿಗಿಹಿಡಿದು, ಒಂದೊಂದು ಅಕ್ಷರವನ್ನೂ ಮೋನಿಕಾಗೆ ತೋರಿಸಿ, ‘ಹಸು, ಒಂದು’ ಎಂದು ತುಂಬಿದರು. ಮರುದಿನ ಬೆಳಿಗ್ಗೆ ಆರಕ್ಕೆ ಡೈರಿಯಲ್ಲಿ ಮಿಷನ್ನು ಕೂಗಲಿಲ್ಲ. ಭದ್ರಮ್ಮ ಚನ್ನೇಶನ ಕೈಲಿ ಪರದೆಯ ಮೇಲಿದ್ದುದನ್ನು ಎರಡು ಸಲ ಗಟ್ಟಿಯಾಗಿ ಓದಿಸಿದಳು. ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಲಿ ಎಂದು ಮೂರನೆಯ ಸಲವೂ ಓದಿಸಿದಳಂತೆ.

ಕೆಲವು ತಿಂಗಳ ಮೇಲೆ ಪುಟ್ಟಗೌರಿ ಕರು ಹಾಕಿತು. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಬೊಟ್ಟು. ನೋಡಲು ಎರಡು ಕಣ್ಣು ಸಾಲದು. ಹೊಸ ಜಾನುವಾರನ್ನು ಹದಿನೈದು ದಿನದೊಳಗೆ ದಾಖಲು ಮಾಡಬೇಕೆಂಬ ನಿಯಮವಿದೆ. ಸಂತೋಷದಿಂದ ಲಕ್ಷ್ಮೀನರಸಿಂಹಯ್ಯನವರು ನನ್ನನ್ನೂ ಕರೆದುಕೊಂಡು ಕಡಬಕ್ಕೆ ಹೋದರು. ಬಾಳೆಹಣ್ಣು ಒಯ್ದಿದ್ದರು. ಭದ್ರಮ್ಮ ನಗುನಗುತ್ತಾ ಬರಮಾಡಿಕೊಂಡಳು, ಮಣೆ ಹಾಕಿದಳು, ಕೊಟ್ಟಿಗೆಗೆ ಕರೆದು ಕರು ತೋರಿಸಿದಳು. ಇವರು ಚೀಲದೊಳಗೆ ಕೈಹಾಕಿ ಟ್ಯಾಬ್ ತೆಗೆದರು.

ಭದ್ರಮ್ಮನ ಮುಖ ಬದಲಾಯಿತು. ಅವಳು ಥಟ್ಟನೆ ಕರುವಿಗೂ ಇವರಿಗೂ ನಡುವೆ ಬಂದು ನಿಂತು, ಸೆರಗು ಬಿಚ್ಚಿ ಕರುವಿನ ಮೇಲೆ ತಲೆಯಿಂದ ಬಾಲದವರೆಗೆ ಹೊದಿಸಿದಳು.

“ನಿನ್ ಕಾಲಿಗೆ ಬೀಳ್ತೀನಿ ಲಚ್ಚಿನರಸಿಂಹಪ್ಪ, ಇದನ್ನ ಮಾತ್ರ ಬರ್ಕಬ್ಯಾಡ. ಕರುವಾಗಿ ಹುಟ್ಟದೆ, ಕರುವಾಗೇ ಇರ್ಲಿ ಬುಡು.”